ಸುಣ್ಣದ ಗಾಣದವರು

ನಮ್ಮೂರಿನಲ್ಲಿ ರೇಡಿಯೋ ರಿಪೇರಿಗೆ ಬಂದರೆ ನಾನು ಮೊದಲು ಬಿಚ್ಚಿ ನೋಡುವುದು ಅದರ ಸ್ವಿಚ್ಚನ್ನು. ಬೇರೆ ಊರುಗಳಲ್ಲಿ ಸ್ಪೀಕರ್ ಹರಿಯುತ್ತದಂತೆ, ಇಲಿ ತಂತಿ ಕಡಿಯುತ್ತದಂತೆ. ಇಲ್ಲಿ ಸ್ವಿಚ್ಚು ಸವೆಯುತ್ತದೆ. ಹಾಡು ಕೊನೆಯ ಸಾಲಿಗೆ ಬಂತು ಅನ್ನುವಾಗ ರೊಟ್ಟಿ ಬಡಿಯುವ ಹೆಂಗಸು ಹಿಟ್ಟಿನ ಕೈಯಲ್ಲೇ ಓಡಿ ಬಂದು ಟಪ್ಪನೆ ತಿರುವುತ್ತಾಳೆ. ಕ್ಷೌರದಂಗಡಿಯವನು ಗಿರಾಕಿಯ ಗಲ್ಲದ ಮೇಲೆ ಕತ್ತಿ ಇಟ್ಟುಕೊಂಡೇ ಎಡಗೈ ಚಾಚುತ್ತಾನೆ. ಟಾಕೀಸಿನಲ್ಲಿ ಹಾಡಿನ ತುದಿ ಬಂದಾಗ ಆಪರೇಟರು ದನಿ ಇಳಿಸುತ್ತಾನೆ, ನಾಯಕ ನಾಯಕಿ ಸುಮ್ಮನೆ ಬಾಯಿ ಆಡಿಸುತ್ತಾರೆ. ಶಾಲೆಯ ಪ್ರಾರ್ಥನೆಯಲ್ಲೂ ಒಂದು ಸಾಲು ಉಳಿದಿರುವಾಗಲೇ ಮಕ್ಕಳು ಮುಗಿದ ಕೈ ಬಿಟ್ಟು ಕೂರುತ್ತಾರೆ.

ಕೊನೆಯವರೆಗೆ ಕೇಳಿದ ಹಾಡು ನಮ್ಮಲ್ಲಿ ಉಳಿಯುವುದಿಲ್ಲ. ಹಾಡಷ್ಟೇ ಹೋಗುವುದಾದರೆ ಯಾರೂ ಇಷ್ಟು ಒದ್ದಾಡುತ್ತಿರಲಿಲ್ಲ. ಅದರೊಳಗೆ ನೀವು ಏನೇನು ನೆನಪು ಇಟ್ಟಿರುತ್ತೀರೋ ಅದನ್ನೂ ಎತ್ತಿಕೊಂಡು ಹೋಗುತ್ತದೆ. ಗಂಡನ ಕೈಯಲ್ಲಿ ಹೊಡೆತ ತಿಂದ ಹೆಂಗಸರು ತಮ್ಮ ಮದುವೆಯ ಹಾಡನ್ನು ಬಾಗಿಲು ಹಾಕಿಕೊಂಡು ಮುಗಿಸಿದ್ದುಂಟು. ಆದರೆ ಮಾರನೆಯ ದಿನ ಬೀದಿಯಲ್ಲಿ ಯಾರಾದರೂ ಅದನ್ನು ಗುನುಗಿದರೆ ಹೋದದ್ದೆಲ್ಲ ಹಾಗೇ ತಿರುಗಿ ಬಂದು ಕೂರುತ್ತದೆ. ಪರ ಊರಿನವರು ಇದನ್ನು ಕೇಳಿ ನಗುತ್ತಾರೆ. ನಗಲಿ, ನಾನು ಅವರ ರೇಡಿಯೋ ರಿಪೇರಿ ಮಾಡುವುದಿಲ್ಲ.

ಹಳೆಯ ಹಾಡುಗಳ ಕೊನೆಯ ಸಾಲು ಒಂದೊಂದು ಮನೆತನದ ಕೈಯಲ್ಲಿ ಇರುತ್ತದೆ. ಅದನ್ನು ಹಾಡುವುದಿಲ್ಲ, ರಾಗ ಬಿಟ್ಟು ಬರೀ ಮಾತಿನಲ್ಲಿ ಕಿವಿಗೆ ಹೇಳುತ್ತಾರೆ. ಕೊನೆ ಯಾವುದೆಂದು ಗೊತ್ತಿಲ್ಲದವನಿಗೆ ಎಲ್ಲಿ ನಿಲ್ಲಿಸಬೇಕೆಂದು ಹೇಗೆ ತಿಳಿಯಬೇಕು? ಕೋಟೆ ಕಟ್ಟಿದ ಕಾಲದ ಗಾರೆ ಹಾಡಿನ ಕೊನೆಯ ಸಾಲು ಸುಣ್ಣ ಸುಡುವ ಸುಣಗಾರರ ಒಂದು ಮನೆಯಲ್ಲಿ ತಾಯಿಯಿಂದ ಮಗಳಿಗೆ ಬರುತ್ತಿತ್ತು. ಗಂಡಸರಿಗೆ ಹೇಳುವ ಪದ್ಧತಿ ಇರಲಿಲ್ಲ.

ಆ ಮನೆಯ ಮಗಳು ಸಾವಂತ್ರಿ. ನನ್ನ ಅಂಗಡಿಗೆ ಸುಣ್ಣ ಬಳಿಯಲು ತಾಯಿಯ ಜೊತೆ ಬಂದಿದ್ದಳು. ನಾನು ಆಗ ಮರದ ಹಲಗೆಗೆ ತಂತಿ ಕಟ್ಟಿ, ಹಳೆಯ ರೇಡಿಯೋದ ಆಂಪ್ಲಿಫೈಯರಿಗೆ ಜೋಡಿಸಿ, ಗಿಟಾರ್ ಎಂದು ನನಗೆ ನಾನೇ ಹೇಳಿಕೊಂಡು ಬಾರಿಸುತ್ತಿದ್ದೆ. ಶಾರ್ಟ್‌ವೇವ್‌ನಲ್ಲಿ ಯಾವುದೋ ದೂರದ ದೇಶದ ಸ್ಟೇಷನ್ ಹಿಡಿಯುತ್ತಿತ್ತು. ಅದರಲ್ಲಿ ಅರ್ಧ ತಾಸಿನ ಹಾಡುಗಳು ಬರುತ್ತಿದ್ದವು. ಶುರುವಾದಾಗ ಇದ್ದ ತಾಳ ನಡುವೆ ಇರುತ್ತಿರಲಿಲ್ಲ, ಹಾಡುವವನು ಹಾಡು ಬಿಟ್ಟು ಎಲ್ಲಿಗೋ ಹೋಗಿಬಿಡುತ್ತಿದ್ದ, ಆರ್ಗನ್ನು ಗಿಟಾರು ಜಗಳ ಆಡುತ್ತಿದ್ದವು, ಕೊನೆ ಬರುವ ಮುಂಚೆಯೇ ಸ್ಟೇಷನ್ ಗಾಳಿಯಲ್ಲಿ ಕರಗುತ್ತಿತ್ತು. ನನಗೆ ಅದು ಹುಚ್ಚು ಹಿಡಿಸಿತ್ತು. ಸಾವಂತ್ರಿ ಏಣಿಯ ಮೇಲಿನಿಂದ ನನ್ನ ಬಾರಿಸಾಟ ಕೇಳಿ, "ಅದೇನ್ರಿ ಅದು, ಹೊಟ್ಟಿ ಉಬ್ಬಿದ ಎಮ್ಮಿ ಒದರಿದಂಗ?" ಎಂದು ಕೇಳಿದಳು. ಅವರವ್ವ ಗದರಿದಳು. ಆಮೇಲೆ ಗೋಡೆಗೆ ಬ್ರಷ್ ಎಳೆಯುತ್ತ ಸಾವಂತ್ರಿ ಗಾರೆ ಹಾಡು ಎತ್ತಿದಳು.

ಗಾರೆ ಅರೆಯುವ ಗಾಣಕ್ಕೆ ಎತ್ತು ಕಟ್ಟಿ ಹೊಡೆಯುವ ಹೆಂಗಸಿನ ಹಾಡು ಅದು. ಕೂಸನ್ನು ಬೇವಿನ ಮರಕ್ಕೆ ಜೋಲಿ ಕಟ್ಟಿ ಮಲಗಿಸಿದ್ದಾಳೆ. ಎತ್ತು ನಿಲ್ಲಿಸಿದರೆ ಗಾರೆ ಗಟ್ಟಿಯಾಗುತ್ತದೆ, ಮುಕಾದಮ ಬೈಯುತ್ತಾನೆ. ಅದಕ್ಕೆ ಸುತ್ತು ಬಂದಾಗೊಮ್ಮೆ ಮರದ ಹತ್ತಿರ, "ಇದ್ದೀಯೇನ ನನ ಕೂಸ" ಎಂದು ಕೂಗುತ್ತಾಳೆ, ಕೂಸು "ಓ" ಅನ್ನುತ್ತದೆ, ಮತ್ತೆ ಸುತ್ತು. ತಾಳ ಏಳು ಮಾತ್ರೆಯದು, ಕುಂಟು ಎತ್ತಿನ ನಡಿಗೆ. ನನ್ನ ಶಾರ್ಟ್‌ವೇವ್‌ನವರೂ ಏಳರಲ್ಲೇ ಕುಂಟುತ್ತಿದ್ದರು. ನಾನು ಹಲಗೆ ಎತ್ತಿಕೊಂಡು ಅವಳ ಹಿಂದೆ ಬಾರಿಸಿದೆ, ಅವಳು ಏಣಿ ಇಳಿಯದೆ ನೋಡಿದಳು. ಮದುವೆ ಆಗಲು ಆಮೇಲೆ ಬಹಳ ದಿನ ಹಿಡಿಯಲಿಲ್ಲ.

ಮೇಳ ಕಟ್ಟಿದ್ದು ನಾಲ್ಕೇ ಜನ. ಡ್ರಮ್ಮಿಗೆ ದಸ್ತಗೀರ್. ಮದುವೆ ಮೆರವಣಿಗೆಯ ಬ್ಯಾಂಡಿನಲ್ಲಿ ಬಾರಿಸಿ ಬಾರಿಸಿ ಬೇಸತ್ತವನು, ಚರ್ಮದ ಹಲಗೆಯನ್ನೂ ಡ್ರಮ್ಮನ್ನೂ ಒಂದೇ ಕಡೆ ಕಟ್ಟಿಕೊಂಡು ಕೂತ. ಆರ್ಗನ್ನಿಗೆ ಚರ್ಚಿನ ಶಾಲೆಯ ಸಾಮ್ಯುಯೆಲ್ ಮಾಸ್ತರು. ಕಾಲಿನಿಂದ ಗಾಳಿ ಒತ್ತುವ ಅವರ ಕಾಲುಪೆಟ್ಟಿಗೆಗೆ ನಾನು ಮೈಕು ಕೂರಿಸಿ, ಅದರ ದನಿ ಗುಡುಗುವ ಹಾಗೆ ಮಾಡಿಕೊಟ್ಟೆ. ಮಾಸ್ತರು ಮೊದಲು ಹೆದರಿ, ಆಮೇಲೆ ಬಿಡಲೇ ಒಲ್ಲರು. ಮೇಳಕ್ಕೆ "ಸುಣ್ಣದ ಗಾಣ" ಎಂದು ಹೆಸರಿಟ್ಟೆವು. ಊರಿನವರು ನಮ್ಮನ್ನು ಗಾಣದವರು ಅಂದರು.

ನಮ್ಮ ಹಳೆಯ ಹಾಡುಗಾರರು ಕೊನೆಯ ಸಾಲು ಬಂತೆಂದರೆ ಕೆರೆದಂಡೆಯಲ್ಲಿ ಕಾಲು ಜಾರಲಿದ್ದವರ ಹಾಗೆ ಗಕ್ಕನೆ ನಿಲ್ಲುತ್ತಿದ್ದರು. ನಾವು ಮಾಡಿದ್ದು ಬೇರೆ. ಕೊನೆಯ ಸಾಲಿನ ಬಾಗಿಲವರೆಗೆ ಹೋಗಿ, ಅಲ್ಲಿಂದ ಪಕ್ಕಕ್ಕೆ ತಿರುಗಿ, ಆರ್ಗನ್ನಿನ ಜೊತೆ ಊರೆಲ್ಲ ಸುತ್ತಿ, ತಾಳ ಬದಲಿಸಿ, ಮತ್ತೆ ಅದೇ ಬಾಗಿಲಿಗೆ ಬರುತ್ತಿದ್ದೆವು. ಅರಳೆ ಮಾರ್ಕೆಟ್ಟಿನ ಅಂಗಳದಲ್ಲಿ ಮೊದಲ ಕಾರ್ಯಕ್ರಮ ಆದಾಗ ಅರ್ಧ ಮಂದಿ ಎದ್ದು ಹೋದರು. "ಮುಗಿಸಿಬಿಡ್ತಾವ ಇವು, ನಡೀರಿ" ಎಂದು ತಾಯಂದಿರು ಮಕ್ಕಳ ಕಿವಿ ಮುಚ್ಚಿಕೊಂಡು ಓಡಿದರು. ಉಳಿದ ಅರ್ಧ ಮಂದಿಗೆ ಆ ಹೆದರಿಕೆಯೇ ರುಚಿಸಿತು. ಮುಂದಿನ ಸಲ ಓಡಿಹೋದವರೂ ಬಂದು ಮುಂದೆ ಕೂತರು. ಅಂಗಡಿಯಲ್ಲೇ ಧ್ವನಿಮುದ್ರಣ ಮಾಡಿ ಕ್ಯಾಸೆಟ್ ಹೊರಡಿಸಿದೆವು. ಅದರ ಒಂದು ಬದಿ ಪೂರ್ತಿ ಗಾರೆ ಹಾಡೇ. ಊರಲ್ಲಿ ಅದಿಲ್ಲದ ಮನೆ ಇರಲಿಲ್ಲ.

ನಮ್ಮ ಮಗಳು ಗೌರಾ ಹುಟ್ಟಿದ್ದು ಆ ಗದ್ದಲದ ನಡುವೆ. ದಸ್ತಗೀರನ ಡ್ರಮ್ಮಿನ ಪೆಟ್ಟಿಗೆಯಲ್ಲಿ ಮಲಗಿ ಬೆಳೆದಳು. ಮಾತು ಬರುವ ಹೊತ್ತಿಗೆ, ಸಾವಂತ್ರಿ ವೇದಿಕೆಯಿಂದ "ಇದ್ದೀಯೇನ ನನ ಕೂಸ" ಎಂದರೆ ಪಕ್ಕದಿಂದ ಗೌರಾ "ಓ" ಅನ್ನುತ್ತಿದ್ದಳು. ಯಾರೂ ಹೇಳಿಕೊಟ್ಟಿರಲಿಲ್ಲ. ನಾವು ಅವಳ ಕೈಗೆ ಮೈಕು ಕೊಟ್ಟೆವು. ಒಮ್ಮೊಮ್ಮೆ ತುಂಟಾಟಕ್ಕೆ ತಡಮಾಡಿ, ಅವ್ವನ ಮುಖ ಗಾಬರಿ ಆಗುವುದನ್ನು ನೋಡಿ, ಆಮೇಲೆ ಅನ್ನುತ್ತಿದ್ದಳು. ಜನ ನಗುತ್ತಿದ್ದರು. ಹಲ್ಲು ಬಿದ್ದು ಹೊಸ ಹಲ್ಲು ಬಂದ ಮೇಲೆ ಸಾವಂತ್ರಿ ಅವಳನ್ನು ಪಡಸಾಲೆಗೆ ಕರೆದು ಕೊನೆಯ ಸಾಲನ್ನು ಕಿವಿಗೆ ಹೇಳಿದಳು. ಅವತ್ತು ನನ್ನನ್ನು ಹೊರಗೆ ಕಳಿಸಿದರು. ಗೌರಾ ಹೊರಗೆ ಬಂದು, "ಅಪ್ಪಾ, ನಿನಗ ಹೇಳಂಗಿಲ್ಲ" ಎಂದು ಜಂಬದಿಂದ ಓಡಾಡಿದಳು.

ಆ ವರ್ಷ ಮಳೆ ಶುರುವಾದಾಗ ಅವಳಿಗೆ ಕಾಮಣಿ ಆಯಿತು. ಮೊದಲು ಔಷಧಿ ಹಾಕಿಸಿದೆವು, ಪಥ್ಯ ಮಾಡಿಸಿದೆವು, ಆಮೇಲೆ ಆಸ್ಪತ್ರೆಗೆ ಒಯ್ದೆವು. ಕಣ್ಣು ಅರಿಸಿನ ಹಚ್ಚಿದಂತೆ ಹಳದಿ ಆಗಿದ್ದವು. ಆಸ್ಪತ್ರೆಯ ಮಂಚದ ಮೇಲೆ ಸಾವಂತ್ರಿ ಅವಳ ಕೈ ಹಿಡಿದುಕೊಂಡು ಗಾರೆ ಹಾಡನ್ನೇ ಸಣ್ಣಗೆ ಹಾಡುತ್ತಿದ್ದಳು. ಗೌರಾ ಓಗೊಡುತ್ತಿದ್ದಳು. ಒಂದು ಸುತ್ತಿಗೆ ಓಗೊಡಲಿಲ್ಲ. ಸಾವಂತ್ರಿ ತುಂಟಾಟವೆಂದು ತಿಳಿದು ಕಾದಳು. ನನಗೆ ಇದಕ್ಕಿಂತ ಹೆಚ್ಚು ಬರೆಯಲು ಆಗುವುದಿಲ್ಲ.

ಒಂದು ವರ್ಷಕ್ಕೂ ಹೆಚ್ಚು ಕಾಲ ನಾವು ವಾದ್ಯ ಮುಟ್ಟಲಿಲ್ಲ. ಆಮೇಲೆ ಊರಿನವರು ಬಂದು ಕೇಳಿದರು. ಹಾಡಿದರೆ ಸಾವಂತ್ರಿಗೆ ಹಗುರಾದೀತು ಎಂದು ನಾನೂ ಅಂದುಕೊಂಡೆ, ನನ್ನ ಬುದ್ಧಿಗೆ ಬೆಂಕಿ ಬೀಳಲಿ. ಮಾರ್ಕೆಟ್ಟಿನ ಅಂಗಳದಲ್ಲಿ ಮತ್ತೆ ಹಾಡಲು ಕೂತೆವು. "ಇದ್ದೀಯೇನ ನನ ಕೂಸ" ಬಂದಾಗ ದಸ್ತಗೀರ್ ಕೈ ಎತ್ತಿ ಹಿಡಿದ. ಒಂದು ಮಾತ್ರೆ ಖಾಲಿ ಹೋಗಬೇಕಿತ್ತು. ಕತ್ತಲಿನಿಂದ ಯಾರೋ ಒಬ್ಬ ಮುದುಕಿ "ಓ" ಅಂದಳು. ಮುಂದಿನ ಸುತ್ತಿಗೆ ಅಂಗಳದ ಅಷ್ಟೂ ಮಂದಿ "ಓ" ಅಂದರು. ಪ್ರೀತಿಯಿಂದ ಅಂದರು, ಅದು ನನಗೆ ಗೊತ್ತು. ಎಷ್ಟೋ ಜನ ಅಳುತ್ತಿದ್ದರು. ಅವತ್ತಿನಿಂದ ನಮ್ಮ ಮೇಳ ಹಿಂದೆಂದೂ ಇಲ್ಲದಷ್ಟು ಮೇಲೇರಿತು. ಸುತ್ತಲ ಹಳ್ಳಿಗಳಿಂದ ಚಕ್ಕಡಿ ಕಟ್ಟಿಕೊಂಡು ಬಂದರು, ಅಂಗಳ ಸಾಲದೆ ಕೋಟೆಯ ಮೈದಾನಕ್ಕೆ ಹೋದೆವು. ಜನ ಬರುತ್ತಿದ್ದುದು ಆ "ಓ" ಅನ್ನುವುದಕ್ಕೇ. ಸಾವಂತ್ರಿಯ ದನಿ ದುಃಖದಲ್ಲಿ ಹದಗೊಂಡಿದೆ ಎಂದು ಮಾಸ್ತರು ಹೇಳಿದರು. ನಿಜವೇ ಇತ್ತು. ಕಾರ್ಯಕ್ರಮ ಮುಗಿಸಿ ಬಂದವಳು ಮಾರನೆಯ ದಿನವೆಲ್ಲ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು.

ಒಂದು ಮಧ್ಯಾಹ್ನ ಬದನೆಕಾಯಿ ಹೆಚ್ಚುತ್ತ ಕೂತವಳು ಈಳಿಗೆಯಿಂದ ಕಣ್ಣು ತೆಗೆಯದೆ, "ನಾ ಈ ಹಾಡು ಮುಗಸ್ತೀನ್ರಿ" ಅಂದಳು.

"ಮನ್ಯಾಗ ಬಾಗಲಾ ಹಾಕ್ಕೊಂಡು ಮುಗಿಸ್ಕೊ. ಮ್ಯಾಳಾ ಬಿಟ್ಟರಾತು, ನಾನೇನು ಒತ್ತಾಯ ಮಾಡಂಗಿಲ್ಲ" ಅಂದೆ.

"ನಾ ಒಬ್ಬಾಕಿ ಮರತು ಏನು ಮಾಡ್ಲಿ? ನಾಳಿ ಹಾಲು ಹಾಕಾವ ಗುನುಗ್ತಾನ, ನಾಡಿದ್ದು ನೀವ ಗುನುಗ್ತೀರಿ. ಎಲ್ಲಾ ಹೊಳ್ಳಿ ಬರತೈತಿ. ಮರತರ ಊರಿಗೂರ ಮರೀಬೇಕು."

"ಗೌರಾನೂ ಹೋಗ್ತಾಳ ಸಾವಂತ್ರಿ."

"ಗೌರಾ ಹೋಗಿ ಆತಲ್ರಿ. ಈಗ ಉಳದಿದ್ದು ಮಂದಿ ಓ ಅನ್ನೂದಷ್ಟ."

"ನನಗ ಅದೂ ಬೇಕು."

ಅವಳು ಈಳಿಗೆ ಮಡಚಿಟ್ಟು ನನ್ನನ್ನು ನೋಡಿದಳು. "ನನಗ ತಡಕೊಳ್ಳಾಕ ಆಗವಲ್ದು" ಅಂದಳು. ಅವಳ ಮಣಿಕಟ್ಟು ನನ್ನ ಎರಡು ಬೆರಳಿನಷ್ಟು ಸಣ್ಣಗಾಗಿತ್ತು.

ವಿಷಯ ತಿಳಿದು ಮಾಸ್ತರು ಕೊಡೆ ಹಿಡಿದುಕೊಂಡು ಅಂಗಡಿಗೆ ಬಂದರು. "ಚನ್ನಬಸು, ಕೋಟೆ ಕಟ್ಟಿದ ಮಂದೀದು ನಮ್ಮ ಹತ್ರ ಇರೋದು ಇದೊಂದೇ. ಅವರ ಹೆಸರು ಕಲ್ಲಿನ ಮೇಲಿಲ್ಲ. ಇದನ್ನೂ ಅಳಿಸಿದರೆ ಅವರು ಇರಲೇ ಇಲ್ಲ ಅಂತಾಗ್ತದೆ. ನಿನ್ನ ಹೆಂಡತಿಗೆ ಸ್ವಲ್ಪ ಹೇಳು" ಎಂದರು. ದಸ್ತಗೀರ್ ಅಲ್ಲೇ ಕೂತಿದ್ದ. "ಮಾಸ್ತರ, ಸತ್ತು ಅಷ್ಟು ಕಾಲ ಆದ ಮಂದಿಗೆ ಹಾಡಿಲ್ಲಂದ್ರ ನಡೀತೈತ್ರಿ. ಸಾವಂತ್ರಿ ವೈನಿ ಉಣ್ಣೂದು ಬಿಟ್ಟಾರ. ಅವರ ಹಾಡು, ಅವರು ಮುಗಸ್ತಾರ" ಅಂದ. ಮಾಸ್ತರು ಕೊಡೆಯ ಹಿಡಿ ತಿಕ್ಕಿ, "ಆಗಲಿ, ಕಾಲುಪೆಟ್ಟಿಗೆ ತರ್ತೀನಿ" ಎಂದು ಎದ್ದರು.

ಊರು ಒಪ್ಪುತ್ತದೆಂದು ನಾನು ಎಣಿಸಿರಲಿಲ್ಲ. ಒಪ್ಪದಿರಲಿ ಎಂದು ಒಳಗೊಳಗೇ ಹಾರೈಸಿದ್ದೆ. ಸಾವಂತ್ರಿ ಮನೆಮನೆಗೆ ಹೋಗಿ ಕೇಳಿದಳು. ಚಹದಂಗಡಿಯ ಫಕೀರಪ್ಪ ತೀರಿಕೊಂಡ ಮೊದಲ ಹೆಂಡತಿಯನ್ನು ಆ ಹಾಡಿನಲ್ಲೇ ಇಟ್ಟಿದ್ದ, ಅದು ಎಲ್ಲರಿಗೂ ಗೊತ್ತಿದ್ದ ಮಾತು. ಕಪ್ಪು ಬಸಿ ತೊಳೆಯುತ್ತ, "ನಂದೂ ಹೋಗ್ಲಿ ಬಿಡವ್ವ, ನೀ ಚೊಲೊ ಆಗು" ಅಂದ. ಕ್ಯಾಸೆಟ್‌ಗಳನ್ನು ಜನ ತಾವೇ ತಂದು ಮೈದಾನದಲ್ಲಿ ಒಟ್ಟಿದರು. ನಾನೇ ಎದೆ ಕಲ್ಲು ಮಾಡಿಕೊಂಡು ಬೆಂಕಿ ಹಚ್ಚಿದೆ. ಕಪ್ಪು ಹೊಗೆ ಕೋಟೆಯ ಮೇಲೆ ಹೋಯಿತು.

ಕಾರ್ಯಕ್ರಮ ಹಗಲಿನಲ್ಲೇ ಇಟ್ಟೆವು, ಯಾರೂ ತಪ್ಪಬಾರದೆಂದು. ಏಳಲಾಗದವರನ್ನು ಹೊರಸಿನ ಸಮೇತ ಹೊತ್ತು ತಂದರು. ಕಂಕುಳಲ್ಲಿ ಕೂಸುಗಳು, ಪೊಲೀಸರು, ಆಸ್ಪತ್ರೆಯ ನರ್ಸುಗಳು, ಹಳ್ಳಿಗಳ ಮಂದಿ, ಎಲ್ಲರೂ. ಗದ್ದಲವೇ ಇರಲಿಲ್ಲ. ನಾನು ಬೆಳಿಗ್ಗೆಯೇ ಅಂಗಡಿಗೆ ಹೋಗಿ, ಕಾಯಿಲ್ ಸುತ್ತಲು ಇಟ್ಟುಕೊಂಡ ಜೇನುಮೇಣವನ್ನು ಕಾಸಿ, ಅರಳೆಯ ಜೊತೆ ನಾದಿ ಎರಡು ಉಂಡೆ ಮಾಡಿ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಮೇಳದವನೆಂದು ಉದ್ದ ಕೂದಲು ಬಿಟ್ಟಿದ್ದೆ, ಕಿವಿ ಕಾಣುತ್ತಿರಲಿಲ್ಲ. ಊರಿಗೂರು ಬಿಟ್ಟುಕೊಟ್ಟದ್ದನ್ನು ನಾನೊಬ್ಬ ಇಟ್ಟುಕೊಳ್ಳಬೇಕೆಂದು ಗಟ್ಟಿ ಮಾಡಿದ್ದೆ. ನಾನು ಗೌರಾಳ ಅಪ್ಪ. ಯಾರಾದರೂ ಒಬ್ಬರ ಹತ್ತಿರವಾದರೂ ಅವಳು ಇರಬೇಡವೇ?

ಹಾಡು ಎಂದಿನಂತೆ ಶುರುವಾಯಿತು, ಎಂದಿಗಿಂತ ಉದ್ದ ಆಯಿತು. ಮಾಸ್ತರು ಬಾಗಿಲವರೆಗೆ ಬಂದು ಬಂದು ತಿರುಗುತ್ತಿದ್ದರು. ಅವರಿಗೆ ಬಿಡಲು ಮನಸ್ಸಿಲ್ಲ. ಜನ ಕೊನೆಯ ಸಲ "ಓ" ಅಂದಾಗ ನಾನು ಬಗ್ಗಿ, ವೈರು ಸರಿಮಾಡುವವನ ಹಾಗೆ ನಟಿಸಿ, ಎರಡೂ ಉಂಡೆ ಕಿವಿಗೆ ಒತ್ತಿಕೊಂಡೆ. ಸದ್ದೆಲ್ಲ ಹೋಗಿ ನನ್ನ ನೆತ್ತರು ಹರಿಯುವುದಷ್ಟೇ ಕೇಳುತ್ತಿತ್ತು. ದಸ್ತಗೀರನ ಕೈ ನೋಡಿಕೊಂಡು ಬಾರಿಸಿದೆ. ಆಮೇಲೆ ಅವನ ಕೈ ನಿಂತಿತು, ಮಾಸ್ತರ ಕಾಲು ನಿಂತಿತು. ಸಾವಂತ್ರಿ ಮೈಕು ಹಿಡಿದು ಜನರ ಕಡೆ ತಿರುಗಿ ನಿಂತಿದ್ದವಳು ನನ್ನ ಕಡೆ ತಿರುಗಿದಳು. ಕೊನೆಯ ಸಾಲನ್ನು ನನ್ನ ಮುಖ ನೋಡಿಕೊಂಡು ಹಾಡಿದಳು. ಸುಣಗಾರರ ಮನೆಯಲ್ಲಿ ಗಂಡಸಿಗೆ ಎಂದೂ ಹೇಳದ ಸಾಲು. ನಾನು ಅವಳ ತುಟಿಯನ್ನು ನೋಡಿದೆ.

ಉಂಡೆ ತೆಗೆದಾಗ ಮೈದಾನದಲ್ಲಿ ಜನ ಎಚ್ಚರಾದವರ ಹಾಗೆ ಒಬ್ಬರನ್ನೊಬ್ಬರು ನೋಡುತ್ತಿದ್ದರು. ಯಾರೋ ಆಕಳಿಸಿದರು. ಫಕೀರಪ್ಪ ಮೈ ಕೊಡವಿಕೊಂಡು, "ನಡೀರ್ಯೋ, ಚಾದ ಹೊತ್ತಾತು" ಎಂದು ಹೊರಟ. ದಸ್ತಗೀರ್ ಕೈಯಲ್ಲಿ ಕಡ್ಡಿ ಹಿಡಿದು, "ಏನ ಬಾರಿಸಿದ್ವಿ ದೋಸ್ತ?" ಎಂದು ಕೇಳಿದ. ಗೊತ್ತಿಲ್ಲ ಅಂದೆ. ಸಾವಂತ್ರಿ ವೇದಿಕೆಯ ಅಂಚಿನಲ್ಲಿ ಕೂತು, "ಹಸಿವ್ಯಾಗೈತ್ರಿ" ಅಂದಳು. ಅಷ್ಟು ದಿನದಲ್ಲಿ ಅವಳ ಬಾಯಿಂದ ಆ ಮಾತು ಕೇಳಿರಲಿಲ್ಲ.

ಮೇಳ ತಾನಾಗಿಯೇ ಬಿಟ್ಟುಹೋಯಿತು. ಉಳಿದ ಹಾಡುಗಳನ್ನು ಬಾರಿಸಲು ಕೂತರೆ ನಡುವೆ ದೊಡ್ಡ ಹೊಂಡ. ನಮಗೆ ಹೆಸರು ತಂದದ್ದು ಯಾವುದೆಂದು ಯಾರಿಗೂ ಹೇಳಲು ಬರುತ್ತಿರಲಿಲ್ಲ. ಮಾಸ್ತರು ಕಾಲುಪೆಟ್ಟಿಗೆಯನ್ನು ಚರ್ಚಿಗೆ ವಾಪಸ್ ಒಯ್ದರು. ದಸ್ತಗೀರ್ ಮದುವೆಯ ಬ್ಯಾಂಡಿಗೆ ಮರಳಿದ. ಮೆರವಣಿಗೆಯಲ್ಲಿ ಒಮ್ಮೊಮ್ಮೆ ಕೈ ಏಳು ಮಾತ್ರೆಗೆ ಹೊರಳಿ, ಕುಣಿಯುವವರು ಮುಗ್ಗರಿಸುತ್ತಾರಂತೆ. ಬೈಗುಳ ತಿಂದು ಮತ್ತೆ ನೇರ ತಾಳಕ್ಕೆ ಬರುತ್ತಾನೆ.

ಸಾವಂತ್ರಿ ಮೈ ಕೈ ತುಂಬಿಕೊಂಡಳು. ನೆರೆಮನೆಯವರ ಜೊತೆ ಕಟ್ಟೆಯ ಮೇಲೆ ಕೂತು ನಗುತ್ತಾಳೆ. ಮಗಳಿದ್ದಳೆಂದು ಅವಳಿಗೆ ಗೊತ್ತಿದೆ, ಅದು ಹೋಗಿಲ್ಲ. ಗೋಡೆಯ ಫೋಟೋ ಒರೆಸುವಾಗ ನಿಂತು ನೋಡಿ, "ಪಾಪ, ಎಷ್ಟು ಸಣ್ಣ ಹುಡುಗಿ" ಅನ್ನುತ್ತಾಳೆ. ಬೇರೆ ಓಣಿಯ ಕೂಸಿನ ಬಗ್ಗೆ ಅಂದ ಹಾಗೆ ಅನ್ನುತ್ತಾಳೆ. ಮೊದಲ ಸಲ ಕೇಳಿದಾಗ ನಾನು ಹಿತ್ತಲಿಗೆ ಹೋಗಿ ಗೋಡೆಗೆ ತಲೆ ಚಚ್ಚಿಕೊಂಡೆ. ಹಿಂದೆ ಇಬ್ಬರೂ ಅಳುತ್ತಿದ್ದೆವು, ಒಬ್ಬರು ಅತ್ತರೆ ಇನ್ನೊಬ್ಬರು ನೀರು ಕೊಡುತ್ತಿದ್ದೆವು. ಈಗ ನಾನೊಬ್ಬನೇ. ಗೌರಾಳನ್ನು ಉಳಿಸಿಕೊಂಡೆ ಎಂದುಕೊಂಡಿದ್ದೆ. ಜೊತೆಗೆ ಹೊರುವವರಿಲ್ಲದೆ ಅವಳು ಇಷ್ಟು ಭಾರ ಆಗುತ್ತಾಳೆಂದು ತಿಳಿದಿರಲಿಲ್ಲ. ಬಾಯಿ ತಪ್ಪಿ ಗುನುಗಿದರೆ ಸಾವಂತ್ರಿಗೆ ಎಲ್ಲ ತಿರುಗಿ ಬರುತ್ತದೆಂದು ಹೆದರಿ, ನಿದ್ದೆಯಲ್ಲಿ ಗುನುಗಿದರೆ ಗತಿಯೇನೆಂದು ಅಂಗಡಿಯಲ್ಲೇ ಮಲಗುತ್ತೇನೆ. ಗೊರಕೆಯ ನೆಪ ಹೇಳಿದ್ದೇನೆ.

ತಡೆಯಲಾರದೆ ನಾನೂ ಮುಗಿಸಿಬಿಡೋಣ ಅಂದುಕೊಂಡೆ. ಊರ ಹೊರಗೆ ಹಳೆಯ ಗಾಣದ ಕಲ್ಲಿನ ಹತ್ತಿರ ಬಿಸಿಲಿನಲ್ಲಿ ಯಾರೂ ಬರುವುದಿಲ್ಲ. ಅಲ್ಲಿ ಕೂತು ಹಾಡು ಎತ್ತಿದೆ, ಕೊನೆಯ ಸಾಲಿನ ಬಾಗಿಲಿಗೆ ಬಂದೆ, ಬಾಯಿ ತೆರೆದೆ. ಆಗ ಹೊಳೆಯಿತು. ಆ ಸಾಲು ನನಗೆ ಗೊತ್ತೇ ಇಲ್ಲ. ಸಾವಂತ್ರಿಯ ಅವ್ವ ಸತ್ತಿದ್ದಾಳೆ, ಗೌರಾ ಸತ್ತಿದ್ದಾಳೆ, ಕೇಳಿದ ಊರು ಮರೆತಿದೆ. ಸಾವಂತ್ರಿ ನನ್ನ ಮುಖ ನೋಡಿ ಹಾಡಿದಾಗ ನಾನು ಮೇಣ ತುಂಬಿಕೊಂಡು ನಿಂತಿದ್ದೆ. ತುಟಿ ಎರಡು ಸಲ ಕೂಡಿದ್ದು ನೆನಪಿದೆ, ಅಷ್ಟೇ. "ಮಲಗು ಮಗಳ" ಹಾಕಿ ನೋಡಿದೆ. "ಬಾರವ್ವ ಮನೀಗೆ" ಹಾಕಿ ನೋಡಿದೆ. ಹಾಡಿ, ಕಣ್ಣು ಮುಚ್ಚಿ, ಗೌರಾ ಹೋದಳೇನೋ ಎಂದು ಒಳಗೆ ಹುಡುಕುತ್ತೇನೆ. ಹಳದಿ ಕಣ್ಣು ಬಿಟ್ಟುಕೊಂಡು ಹಾಗೇ ಇರುತ್ತಾಳೆ.

ದಾರಿ ಇಲ್ಲವೆಂದಲ್ಲ. ಸಾವಂತ್ರಿಯ ಕಿವಿಗೆ ಹಾಡು ಬಿದ್ದರೆ ಕೊನೆಯ ಸಾಲೂ ಅವಳಿಗೆ ತಿರುಗಿ ಬರುತ್ತದೆ. ಅದರ ಜೊತೆ ಆಸ್ಪತ್ರೆಯ ಮಂಚವೂ ಬರುತ್ತದೆ. ಇವತ್ತು ಮಧ್ಯಾಹ್ನ ಗಾಣದಿಂದ ಎದ್ದು ಸೀದಾ ಮನೆಗೆ ಹೋದೆ. ಅವಳು ಅಡುಗೆಮನೆಯಲ್ಲಿ ಬೆನ್ನು ಮಾಡಿ ಕೂತು, ಪಕ್ಕದ ಮನೆಯ ಯಾವುದೋ ಮಾತು ನೆನಪಾಗಿ ಒಬ್ಬಳೇ ನಗುತ್ತ, ರೊಟ್ಟಿ ಬಡಿಯುತ್ತಿದ್ದಳು. ನಾನು ಬಾಗಿಲಲ್ಲಿ ನಿಂತೆ. ಮೊದಲ ಸ್ವರ ಗಂಟಲಿಗೆ ಬಂದಿತ್ತು. ಅವಳು ತಿರುಗಿ ನೋಡಿ, "ಏನರ ಬೇಕಿತ್ತೇನ್ರಿ?" ಎಂದು ಕೇಳಿದಳು.

"ನೀರು" ಅಂದೆ.

ಹಿಟ್ಟಿನ ಕೈ ಒರೆಸಿಕೊಂಡು ಎದ್ದು, ತಂಬಿಗೆ ತುಂಬಿ ಕೊಟ್ಟಳು. ಅಲ್ಲೇ ನಿಂತು ಪೂರ್ತಿ ಕುಡಿದೆ.